ರಿಪೋರ್ಟ್ ‘ನಾರ್ಮಲ್’, ಮಗಳಿಗೆ ಮಾತ್ರ ಮುಟ್ಟು ಬರುತ್ತಿಲ್ಲ

ಚಾಮರಾಜನಗರ, ಗುಂಡ್ಲುಪೇಟೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಮಾತು ಬಂದಾಗ ತಾಯಂದಿರ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಕಥೆ. ಮಗಳಿಗೆ ಹದಿನೆಂಟೋ ಇಪ್ಪತ್ತೋ ವರ್ಷ. ಮುಟ್ಟು ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ನಾಲ್ಕು ತಿಂಗಳಾದರೂ ಇಲ್ಲ. ಗದ್ದದ ಮೇಲೆ ಒರಟು ಕೂದಲು, ಹೋಗದ ಮೊಡವೆ, ನೆತ್ತಿಯಲ್ಲಿ ಮಾತ್ರ ಕೂದಲು ತೆಳ್ಳಗೆ. ಯಾರೋ ಹೇಳಿದರೆಂದು ಊರಿನ ಲ್ಯಾಬಿನಲ್ಲಿ ರಕ್ತ ಕೊಡುತ್ತಾರೆ. ಮಾದರಿ ಮೈಸೂರಿಗೋ ಬೆಂಗಳೂರಿಗೋ ಹೋಗಿ, ಒಂದೆರಡು ದಿನದಲ್ಲಿ ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಟೆಸ್ಟೋಸ್ಟೆರಾನ್ ಎಂಬ ಸಾಲಿನ ಮುಂದಿರುವ ಅಂಕಿ ಮಿತಿಯೊಳಗೇ ಇದೆ. “ಅಲ್‌ಹಮ್ದುಲಿಲ್ಲಾಹ್, ಏನೂ ಇಲ್ಲವಂತೆ” ಎಂದು ಮನೆಯವರು ನಿರಾಳರಾಗುತ್ತಾರೆ. ಹುಡುಗಿಗೆ ಮಾತ್ರ ಮುಟ್ಟೂ ಇಲ್ಲ, ನಿರಾಳವೂ ಇಲ್ಲ.

ಆ ರಿಪೋರ್ಟ್ ಸುಳ್ಳಲ್ಲ. ಅದು ಅರ್ಧ ಮಾತು ಹೇಳಿದೆ, ಅಷ್ಟೇ. ಉಳಿದ ಅರ್ಧವನ್ನು ಹೇಳಬೇಕಾದ ಒಂದು ಪ್ರೋಟೀನಿನ ಹೆಸರು ನಮ್ಮ ಮನೆಗಳಲ್ಲಿ ಬಹುತೇಕ ಯಾರಿಗೂ ಗೊತ್ತಿಲ್ಲ. ಅದರ ಪೂರ್ಣ ಹೆಸರು ಸೆಕ್ಸ್ ಹಾರ್ಮೋನ್ ಬೈಂಡಿಂಗ್ ಗ್ಲೋಬ್ಯುಲಿನ್. ಲ್ಯಾಬಿನವರು ಎಸ್‌ಎಚ್‌ಬಿಜಿ ಎನ್ನುತ್ತಾರೆ. ಹೆಸರಿನಲ್ಲಿ ಸೆಕ್ಸ್ ಎಂಬ ಪದ ಇದೆ ಎಂದು ಪುಟ ಮಗುಚಬೇಡಿ. ಗಂಡು ಹೆಣ್ಣು ಎರಡೂ ದೇಹಗಳಲ್ಲಿ ಇರುವ, ಹೆಣ್ಣನ್ನು ಹೆಣ್ಣಾಗಿ ಗಂಡನ್ನು ಗಂಡಾಗಿ ಬೆಳೆಸುವ ಹಾರ್ಮೋನುಗಳಿಗೆ ವಿಜ್ಞಾನದಲ್ಲಿ ಇರುವ ಹೆಸರು ಅದು. ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಜೊತೆಗೆ ಸ್ವಲ್ಪ ಟೆಸ್ಟೋಸ್ಟೆರಾನ್ ಕೂಡ ಇರಬೇಕು, ಇರುತ್ತದೆ. ಅದೇನು ಗಂಡಸರ ಸ್ವತ್ತಲ್ಲ.

ಈ ಹಾರ್ಮೋನುಗಳು ರಕ್ತದಲ್ಲಿ ಒಂಟಿಯಾಗಿ ಓಡಾಡುವುದು ಕಡಿಮೆ. ಮೈಸೂರಿನಿಂದ ಗುಂಡ್ಲುಪೇಟೆಗೆ ಬರುವ ಬಸ್ಸನ್ನು ನೆನಪಿಸಿಕೊಳ್ಳಿ. ಬಸ್ಸಿನಲ್ಲಿ ಕೂತವನು ಊರಿಗೆ ಬಂದಿದ್ದರೂ ಇಳಿಯುವವರೆಗೆ ಊರಿನ ಯಾವ ಕೆಲಸವನ್ನೂ ಮಾಡಲಾರ. ಎಸ್‌ಎಚ್‌ಬಿಜಿ ಅಂಥ ಬಸ್ಸು. ಹೆಣ್ಣಿನ ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದನ್ನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಪೂರ್ತಿ ಬಿಡುವಾಗಿ ತಿರುಗುವುದು ನೂರರಲ್ಲಿ ಒಂದೋ ಎರಡೋ ಪಾಲು. ಚರ್ಮ, ಕೂದಲಿನ ಬೇರು, ಅಂಡಾಶಯ ಇವುಗಳ ಮೇಲೆ ಮುಖ್ಯವಾಗಿ ಕೆಲಸ ಮಾಡುವುದು ಆ ಬಿಡಿ ಪಾಲು.

ಒಟ್ಟು ಟೆಸ್ಟೋಸ್ಟೆರಾನ್ ಪರೀಕ್ಷೆ ಎಂದರೆ ಬಸ್ಸಿನಲ್ಲಿ ಕೂತವರನ್ನೂ ಸ್ಟ್ಯಾಂಡಿನಲ್ಲಿ ಇಳಿದವರನ್ನೂ ಸೇರಿಸಿ ತಲೆ ಎಣಿಸಿದ ಹಾಗೆ. ಬಸ್ಸುಗಳ ಸಂಖ್ಯೆಯೇ ಕಡಿಮೆಯಾಗಿದ್ದರೆ? ಒಟ್ಟು ತಲೆ ಅಷ್ಟೇ ಇದ್ದರೂ ಬೀದಿಯಲ್ಲಿ ತಿರುಗುವವರು ಹೆಚ್ಚಾಗುತ್ತಾರೆ.

ಲೆಕ್ಕ ಹಾಕಿ ನೋಡೋಣ. ಇಬ್ಬರು ಹುಡುಗಿಯರು. ಇಬ್ಬರ ಟೆಸ್ಟೋಸ್ಟೆರಾನ್ ಕೂಡ 1.5 ನ್ಯಾನೋಮೋಲ್, ನಮ್ಮ ಲ್ಯಾಬುಗಳು ಬಳಸುವ ಅಳತೆಯಲ್ಲಿ ಡೆಸಿಲೀಟರಿಗೆ ಸುಮಾರು 43 ನ್ಯಾನೋಗ್ರಾಂ. ಒಬ್ಬಳ ಎಸ್‌ಎಚ್‌ಬಿಜಿ 60, ಇನ್ನೊಬ್ಬಳದು 20. ಟೆಸ್ಟೋಸ್ಟೆರಾನ್ ಅಂಕಿಯನ್ನು ಎಸ್‌ಎಚ್‌ಬಿಜಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿಗುವುದಕ್ಕೆ ಫ್ರೀ ಆಂಡ್ರೋಜನ್ ಇಂಡೆಕ್ಸ್ ಎಂದು ಹೆಸರು. ಮೊದಲನೆಯವಳಿಗೆ ಅದು 2.5. ಎರಡನೆಯವಳಿಗೆ 7.5. ಸಾಮಾನ್ಯವಾಗಿ 5 ದಾಟಿದರೆ ಹೆಚ್ಚು ಎಂದು ಪರಿಗಣಿಸುತ್ತಾರೆ. ಒಂದೇ ‘ನಾರ್ಮಲ್’ ರಿಪೋರ್ಟ್, ಮೂರು ಪಟ್ಟು ವ್ಯತ್ಯಾಸ. ಎರಡನೆಯವಳು ತನ್ನ ಗದ್ದದ ಕೂದಲಿನ ಬಗ್ಗೆ ಅತ್ತಾಗ “ರಿಪೋರ್ಟ್ ಸರಿ ಇದೆಯಲ್ಲ, ಸುಮ್ಮನೆ ಟೆನ್ಶನ್ ಮಾಡ್ಕೋತೀಯ” ಎನ್ನುವುದು ಅನ್ಯಾಯ.

ಬಸ್ಸು ಕಡಿಮೆಯಾಗುವುದು ಏಕೆ ಎನ್ನುವುದರಲ್ಲೇ ಇಡೀ ವಿಷಯದ ತಿರುಳಿದೆ. ಎಸ್‌ಎಚ್‌ಬಿಜಿ ತಯಾರಾಗುವುದು ಅಂಡಾಶಯದಲ್ಲೂ ಅಲ್ಲ, ಗರ್ಭಕೋಶದಲ್ಲೂ ಅಲ್ಲ, ಲಿವರಿನಲ್ಲಿ. ಲಿವರಿಗೆ ಕೊಬ್ಬು ಹಿಡಿದಾಗ, ರಕ್ತದಲ್ಲಿ ಇನ್ಸುಲಿನ್ ಸದಾ ಏರಿಯೇ ಇದ್ದಾಗ ಅದರ ತಯಾರಿಕೆ ಕುಗ್ಗುತ್ತದೆ. ಅದೇ ಏರಿದ ಇನ್ಸುಲಿನ್ ಇನ್ನೊಂದು ಕಡೆ ಅಂಡಾಶಯವನ್ನು ತಿವಿದು ಹೆಚ್ಚು ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಹೀಗೆ ಪೆಟ್ಟು ಎರಡು ಕಡೆಯಿಂದ. ಊರಲ್ಲೆಲ್ಲ ಪಿಸಿಓಡಿ ಎಂದು ಕರೆಯುವ, ವೈದ್ಯರು ಪಿಸಿಓಎಸ್ ಎನ್ನುವ ತೊಂದರೆಯ ಹಿಂದೆ ಬಹಳಷ್ಟು ಬಾರಿ ಇದೇ ಇರುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದು ಇದೆ, ಅವರಲ್ಲಿ ಶೇ. 70ರವರೆಗೆ ತಮಗೆ ಇದೆಯೆಂದೇ ತಿಳಿಯದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವಿವರಿಸಿದ್ದು 1935ರಲ್ಲಿ. ಅವರು ನೋಡಿದ್ದು ಅಂಡಾಶಯವನ್ನು. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಇದು ‘ಗರ್ಭಕೋಶದ ಗುಳ್ಳೆ ಕಾಯಿಲೆ’ಯಾಗಿಯೇ ಉಳಿದುಬಿಟ್ಟಿದೆ. ಗುಳ್ಳೆ ಒಡೆಸಬೇಕು, ಕರಗಿಸಬೇಕು ಎಂದು ಕಷಾಯ ಮಾರುವವರಿಗೆ ಇದರಿಂದ ಒಳ್ಳೆಯ ವ್ಯಾಪಾರ. ಸ್ಕ್ಯಾನಿಂಗಿನಲ್ಲಿ ಕಾಣುವ ಆ ಚುಕ್ಕಿಗಳು ಗೆಡ್ಡೆಗಳಲ್ಲ, ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಕೋಶಗಳು.

ಈಗ ಶುಚಿತ್ವದ ಪುಟದಲ್ಲೇ ಹೇಳಬೇಕಾದ ಒಂದು ಮಾತು. ಇಂಥ ಹುಡುಗಿಯರಲ್ಲಿ ಅನೇಕರ ಕುತ್ತಿಗೆಯ ಹಿಂಭಾಗ, ಕಂಕುಳು, ಕೆಲವೊಮ್ಮೆ ಬೆರಳ ಗೆಣ್ಣುಗಳು ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪಗೆ ಇರುತ್ತವೆ. ಪಕ್ಕದಲ್ಲಿ ಸಣ್ಣ ನರಹುಲಿಯಂಥ ಗುಳ್ಳೆಗಳೂ ಇರಬಹುದು. ತಾಯಿಯೋ ನಾನಿಯೋ ಅದನ್ನು ಕೊಳೆ ಎಂದು ಭಾವಿಸಿ ನಿಂಬೆಹಣ್ಣು, ಕಡಲೆಹಿಟ್ಟು, ಅಡುಗೆ ಸೋಡಾ, ಕೊನೆಗೆ ಪಾತ್ರೆ ತಿಕ್ಕುವ ನಾರಿನಲ್ಲೂ ಉಜ್ಜುತ್ತಾರೆ. ಚರ್ಮ ಉರಿಯುತ್ತದೆ, ಇನ್ನಷ್ಟು ಕಪ್ಪಾಗುತ್ತದೆ, “ಸರಿಯಾಗಿ ಸ್ನಾನ ಮಾಡಲ್ಲ” ಎಂಬ ಬೈಗುಳ ಬೇರೆ. ಇದು ಕೊಳೆಯಲ್ಲ. ಏರಿದ ಇನ್ಸುಲಿನ್ ಚರ್ಮದ ಕಣಗಳನ್ನು ಅತಿಯಾಗಿ ಬೆಳೆಸುವುದರಿಂದ ಆಗುವ ಗುರುತು. ದಿನಕ್ಕೆ ಐದು ಬಾರಿ ವುಝೂ ಮಾಡುವ ಹುಡುಗಿಯ ಕುತ್ತಿಗೆ ಕೊಳೆಯಿಂದ ಕಪ್ಪಾಗಿದೆ ಎಂದುಕೊಳ್ಳುವುದೇ ವಿಚಿತ್ರ! ನನ್ನ ಕೇಳಿದರೆ, ದುಬಾರಿ ಹಾರ್ಮೋನ್ ಪರೀಕ್ಷೆಗಿಂತ ಮೊದಲು ಓದಬೇಕಾದ ರಿಪೋರ್ಟ್ ಈ ಕುತ್ತಿಗೆಯೇ. ಓದಲು ಕಾಸೂ ಬೇಡ, ಮೈಸೂರಿಗೆ ಹೋಗುವುದೂ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಇಲ್ಲಿ ಪಣಕ್ಕಿರುವುದು ಮುಖದ ಅಂದ ಮಾತ್ರವಲ್ಲ. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು, ಎಸ್‌ಎಚ್‌ಬಿಜಿ ಕಡಿಮೆ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಹುಟ್ಟಿನಿಂದಲೇ ಈ ಪ್ರೋಟೀನಿನ ಮಟ್ಟವನ್ನು ನಿರ್ಧರಿಸುವ ಜೀನುಗಳನ್ನು ನೋಡಿದಾಗಲೂ ಅದೇ ದಿಕ್ಕು ಕಂಡಿತು. ಬಸಿರಿನ ಆರಂಭದಲ್ಲಿ ಇದು ಕಡಿಮೆಯಿದ್ದವರಿಗೆ ಬಸಿರಿನ ಸಕ್ಕರೆ ಕಾಯಿಲೆ ಹೆಚ್ಚು ಎಂದು ಬೇರೆ ಅಧ್ಯಯನಗಳೂ ಹೇಳಿವೆ.

ಬಸಿರಿನ ಸಕ್ಕರೆ ಎಂದಾಗ ನಮ್ಮ ಪಕ್ಕದ ಮೈಸೂರಿನದೇ ಪುರಾವೆ ಇದೆ. ಮಂಡಿ ಮೊಹಲ್ಲಾದ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎನ್ನುವ ಜಾಗದಲ್ಲಿ, 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿ ಪಾರ್ಥೆನಾನ್ ಅಧ್ಯಯನ ಎಂಬ ಕೆಲಸ ಶುರುವಾಯಿತು. ಶೇ. 6.2ರಷ್ಟು ಹೆಂಗಸರಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷ ಕಳೆದು ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಶೇ. 37ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಬಸಿರಿನಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ ಅದು ಶೇ. 2 ಮಾತ್ರ. ಆ ಅಧ್ಯಯನ ಎಸ್‌ಎಚ್‌ಬಿಜಿ ಬಗ್ಗೆ ಮಾಡಿದ್ದಲ್ಲ. ಆದರೆ ನಮ್ಮ ಸೀಮೆಯ ಹೆಂಗಸರ ದೇಹದಲ್ಲಿ ಇನ್ಸುಲಿನ್ ತೊಂದರೆ ಎಷ್ಟು ಬೇಗ ಸಕ್ಕರೆ ಕಾಯಿಲೆಯಾಗಿ ಬಲಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಮನೆ ಮನೆಗೆ ಬಂದು ಸಕ್ಕರೆ, ಬಿಪಿ ನೋಡುವ ಸರ್ಕಾರದ ಯೋಜನೆ 30 ದಾಟಿದವರನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹದಿನೆಂಟರ ಹುಡುಗಿ ಅದರಲ್ಲಿ ಬರುವುದಿಲ್ಲ. ಕುತ್ತಿಗೆ ಕಪ್ಪಾಗಿ ಮುಟ್ಟು ತಪ್ಪುವ ಹುಡುಗಿಯರನ್ನಾದರೂ ಆ ಪಟ್ಟಿಗೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಗ್ಲುಕೋಮೀಟರ್ ಹಿಡಿದು ಆಶಾ ಕಾರ್ಯಕರ್ತೆ ಹೇಗೂ ಅದೇ ಬಾಗಿಲಿಗೆ ಬಂದಿರುತ್ತಾಳೆ.

ಹಾಗಾದರೆ ಎಲ್ಲರೂ ನಾಳೆಯೇ ಎಸ್‌ಎಚ್‌ಬಿಜಿ ಪರೀಕ್ಷೆ ಮಾಡಿಸಬೇಕೇ? ಬೇಡ. ಹತ್ತಾರು ಹಾರ್ಮೋನುಗಳ ಹೆಸರಿರುವ ‘ಲೇಡೀಸ್ ಪ್ಯಾಕೇಜ್’ ಕೊಳ್ಳುವುದಂತೂ ಬೇಡವೇ ಬೇಡ. ಮುಟ್ಟು ತಪ್ಪುವುದರ ಜೊತೆಗೆ ಕೂದಲು, ಮೊಡವೆ ಎದ್ದು ಕಾಣುತ್ತಿದ್ದರೆ ಪಿಸಿಓಎಸ್ ಎನ್ನಲು ವೈದ್ಯರಿಗೆ ಅದೇ ಬಹುಪಾಲು ಸಾಕಾಗುತ್ತದೆ. ಮೊದಲು ಆಗಬೇಕಾದದ್ದು ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು ಸಕ್ಕರೆ. ಥೈರಾಯ್ಡ್ ಕಡಿಮೆಯಾದರೆ ಎಸ್‌ಎಚ್‌ಬಿಜಿಯೂ ಇಳಿಯುತ್ತದೆ, ಮುಟ್ಟೂ ಏರುಪೇರಾಗುತ್ತದೆ; ಅದಕ್ಕೆ ಬೇರೆಯೇ ಮಾತ್ರೆ. ಎಸ್‌ಎಚ್‌ಬಿಜಿ ಕೇಳಬೇಕಾದದ್ದು ಲಕ್ಷಣ ಮತ್ತು ರಿಪೋರ್ಟ್ ಒಂದಕ್ಕೊಂದು ಹೊಂದದಿದ್ದಾಗ. ಆಗ “ಡಾಕ್ಟರಮ್ಮ, ಇವಳ ಫ್ರೀ ಟೆಸ್ಟೋಸ್ಟೆರಾನ್ ಲೆಕ್ಕ ನೋಡಬಹುದೇ” ಎಂದು ಸಂಕೋಚವಿಲ್ಲದೆ ಕೇಳಿ.

ಸ್ಕ್ಯಾನಿಂಗ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಹದಿನಾಲ್ಕು ಹದಿನೈದರ ಹುಡುಗಿಯ ಅಂಡಾಶಯದಲ್ಲಿ ಹೆಚ್ಚು ಅಂಡಕೋಶಗಳು ಕಾಣುವುದು ಆ ವಯಸ್ಸಿಗೆ ಸಹಜ. ದೊಡ್ಡವಳಾಗಿ ಎಂಟು ವರ್ಷ ಆಗುವವರೆಗೆ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ ನಿರ್ಧರಿಸಬಾರದು ಎಂದು ಈ ಕಾಯಿಲೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೂ ಒಂದು ಸ್ಕ್ಯಾನಿಂಗ್ ಮಾಡಿ, ಒಂದು ಸಾಲು ಬರೆದು, ಒಂಬತ್ತನೇ ಕ್ಲಾಸಿನ ಹುಡುಗಿಯ ತಲೆಗೆ “ಮಕ್ಕಳಾಗುವುದಿಲ್ಲವೇನೋ” ಎಂಬ ಭಯ ಕಟ್ಟಿ ಕಳಿಸುವುದು ನಡೆದೇ ಇದೆ.

ನಮ್ಮ ಸಮುದಾಯದಲ್ಲಿ ಇನ್ನೊಂದು ವಿಶೇಷ ಉಂಟು. ರಮದಾನಿನಲ್ಲಿ ಉಪವಾಸ ತಪ್ಪಬಾರದು, ಉಮ್ರಾ ಹೊರಟಾಗ ಮುಟ್ಟಾಗಬಾರದು ಎಂದು ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿಕೊಳ್ಳುವುದು. ಸಾಮಾನ್ಯವಾಗಿ ಅದು ನೊರೆಥಿಸ್ಟೆರಾನ್. ವೈದ್ಯರನ್ನು ಕೇಳಿ ಒಮ್ಮೆ ತೆಗೆದುಕೊಂಡರೆ ದೊಡ್ಡ ಅಪಾಯವಿಲ್ಲ. ಆದರೆ ಈ ಮಾತ್ರೆಯೂ ಎಸ್‌ಎಚ್‌ಬಿಜಿಯನ್ನು ತಗ್ಗಿಸುತ್ತದೆ. ಆ ದಿನಗಳಲ್ಲಿ ಮಾಡಿಸಿದ ಹಾರ್ಮೋನ್ ಪರೀಕ್ಷೆ ದಾರಿ ತಪ್ಪಿಸುತ್ತದೆ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಕೇಳದೆ ನುಂಗಲೇಬಾರದು, ಅದರಲ್ಲೂ ಉದ್ದದ ವಿಮಾನ ಪ್ರಯಾಣಕ್ಕೆ ಮುಂಚೆ. ಇನ್ನೊಂದು ಮೋಸ: ಮಾತ್ರೆ ನಿಲ್ಲಿಸಿದ ಮೇಲೆ ರಕ್ತಸ್ರಾವ ಆಗುತ್ತದೆ. “ನೋಡು, ಮುಟ್ಟು ಸರಿಹೋಯಿತು” ಎಂದು ಮನೆಯವರು ಖುಷಿಪಡುತ್ತಾರೆ. ಸರಿಹೋದದ್ದಲ್ಲ, ಮಾತ್ರೆಯೇ ತರಿಸಿದ ಸ್ರಾವ ಅದು. ಉಪವಾಸದ ಮಟ್ಟಿಗಂತೂ ಹೆಂಗಸರಿಗೆ ರಿಯಾಯಿತಿ ಇದ್ದೇ ಇದೆ, ಬಿಟ್ಟ ದಿನಗಳನ್ನು ಆಮೇಲೆ ಎಣಿಸಿ ಹಿಡಿದರಾಯಿತು. ಹೀಗಿರುವಾಗ ಪ್ರತಿ ವರ್ಷ ಮಾತ್ರೆ ಏಕೆ?

ಎಣಿಸುವುದು ಎಂದಾಗ ಹೊಳೆಯಿತು. ನಮಾಝ್ ಯಾವಾಗ ಬಿಡಬೇಕು, ಯಾವಾಗ ಮತ್ತೆ ಶುರುಮಾಡಬೇಕು, ಯಾವುದು ಮುಟ್ಟು ಯಾವುದು ಇಸ್ತಿಹಾಝಾ ಎಂದು ದಿನಗಳ ಲೆಕ್ಕ ಇಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಆ ಲೆಕ್ಕವನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ದೊಡ್ಡವಳಾಗಿ ಮೂರು ವರ್ಷ ಕಳೆದ ಮೇಲೂ ಮುಟ್ಟಿನ ನಡುವೆ 35 ದಿನ ಮೀರುತ್ತಿದ್ದರೆ ಅಥವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆಯಾದರೆ ತೋರಿಸಬೇಕು. ಮೊದಲ ವರ್ಷ ಕಳೆದ ಮೇಲೆ ಯಾವುದೇ ಒಂದು ಸಲ 90 ದಿನ ದಾಟಿದರೂ ತೋರಿಸಬೇಕು. ಮುಟ್ಟು ಬಾರದಿದ್ದರೆ ಆರಾಮ ಎಂದುಕೊಳ್ಳುವ ಹುಡುಗಿಯರಿದ್ದಾರೆ. ಆದರೆ ತಿಂಗಳುಗಟ್ಟಲೆ ಉದುರದೆ ದಪ್ಪವಾಗುತ್ತಲೇ ಹೋಗುವ ಗರ್ಭಕೋಶದ ಒಳಪದರ ವರ್ಷಗಳ ಮೇಲೆ ಕ್ಯಾನ್ಸರಿಗೂ ದಾರಿಯಾಗಬಹುದು. ಕೆಲವೇ ತಿಂಗಳಲ್ಲಿ ಧ್ವನಿ ಗಡಸಾಗಿ ಮೈಮೇಲೆಲ್ಲ ಕೂದಲು ಬೆಳೆದರೆ ಕಾಯುವ ಮಾತೇ ಇಲ್ಲ, ಅದು ಗೆಡ್ಡೆಯ ಸೂಚನೆ ಇರಬಹುದು.

ಚಿಕಿತ್ಸೆಗೆ ಬಂದರೆ, ಸಮಾಧಾನದ ಸುದ್ದಿಯೇ ಹೆಚ್ಚು. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೂ ಸಾಕು, ಇನ್ಸುಲಿನ್ ತಗ್ಗುತ್ತದೆ, ಲಿವರ್ ಮತ್ತೆ ಎಸ್‌ಎಚ್‌ಬಿಜಿ ಮಾಡತೊಡಗುತ್ತದೆ, ಅನೇಕರಿಗೆ ಮುಟ್ಟು ತಾನಾಗಿ ಮರಳುತ್ತದೆ. 80 ಕಿಲೋ ಇದ್ದವಳಿಗೆ ಅದು ನಾಲ್ಕರಿಂದ ಎಂಟು ಕಿಲೋ. ಶುಕ್ರವಾರದ ಬಿರಿಯಾನಿಯನ್ನು ಎಲ್ಲರೂ ಬೈಯುತ್ತಾರೆ, ನಾನು ಬೈಯುವುದು ದಿನದ ಚಹಾವನ್ನು. ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಎಂದರೂ ಸುಮಾರು 40 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಮಿನ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೊತೆಗೆ ಬೇಕರಿಯ ಬನ್ನು, ರಸ್ಕು ಬೇರೆ. ನಮ್ಮ ಸೀಮೆಯಲ್ಲಿ ರಾಗಿ ಇದೆ, ಹುರುಳಿ ಇದೆ, ಅವರೆ ಇದೆ. ಮುದ್ದೆ ಉಂಡರೆ ಒಳ್ಳೆಯದು, ಅದೇ ರಾಗಿಯನ್ನು ಬೆಲ್ಲ ಹಾಕಿ ತೆಳ್ಳಗೆ ಮಾಲ್ಟ್ ಮಾಡಿ ಕುಡಿದರೆ ಆ ಗುಣ ಉಳಿಯುವುದಿಲ್ಲ. ಇನ್ನು ನಡಿಗೆ. “ಹುಡುಗಿ ಒಬ್ಬಳೇ ರಸ್ತೆಯಲ್ಲಿ ವಾಕಿಂಗ್ ಹೋಗುವುದೇ?” ಎಂಬ ಪ್ರಶ್ನೆ ಏಳುತ್ತದೆ. ಅಣ್ಣನೋ ತಂದೆಯೋ ಜೊತೆಗೆ ಹೋದರೆ ಅವರ ಹೊಟ್ಟೆಯೂ ಕರಗೀತು. ಅದೂ ಆಗದಿದ್ದರೆ ಮನೆಯ ತಾರಸಿಯೇ ಸಾಕು, ಮಗ್ರಿಬ್‌ಗೆ ಮೊದಲು ಅರ್ಧ ಗಂಟೆ ಬಿರುಸಾಗಿ. ತೆಳ್ಳಗಿರುವ ಹುಡುಗಿಯರಿಗೂ ಪಿಸಿಓಎಸ್ ಬರುತ್ತದೆ. ಅವರಿಗೆ ತೂಕ ಇಳಿಸು ಎನ್ನುವುದು ಮೂರ್ಖತನ.

ಮಾತ್ರೆಗಳಲ್ಲಿ ಮೆಟ್‌ಫಾರ್ಮಿನ್ ಹೆಸರು ಹಲವರಿಗೆ ಗೊತ್ತು, ಜನೌಷಧಿ ಕೇಂದ್ರದಲ್ಲಿ ಅಗ್ಗವಾಗಿ ಸಿಗುತ್ತದೆ. ಗಲಾಟೆ ಆಗುವುದು ಇನ್ನೊಂದರ ಬಗ್ಗೆ. ಈಸ್ಟ್ರೋಜನ್ ಇರುವ ಸಂಯುಕ್ತ ಮಾತ್ರೆಯನ್ನು ಡಾಕ್ಟರ್ ಬರೆದುಕೊಟ್ಟರೆ, ಮೆಡಿಕಲ್ ಶಾಪಿನವನು ಅಥವಾ ಪಕ್ಕದ ಮನೆಯ ಖಾಲಾ “ಇದು ಮಕ್ಕಳಾಗದ ಹಾಗೆ ತಿನ್ನುವ ಮಾತ್ರೆ” ಎಂದುಬಿಡುತ್ತಾರೆ. ಮದುವೆಯಾಗದ ಹುಡುಗಿಗೆ ಇದೇನು ಎಂದು ತಾಯಿ ಆ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಹಾಕುತ್ತಾಳೆ. ಆ ಮಾತ್ರೆ ಇಲ್ಲಿ ಮಾಡುವ ಕೆಲಸವೇ ಬೇರೆ. ಅದರಲ್ಲಿರುವ ಈಸ್ಟ್ರೋಜನ್ ಲಿವರಿಗೆ ಹೇಳಿ ಎಸ್‌ಎಚ್‌ಬಿಜಿಯನ್ನು ಚೆನ್ನಾಗಿ ಏರಿಸುತ್ತದೆ, ಬಿಡಿ ಟೆಸ್ಟೋಸ್ಟೆರಾನ್ ಮತ್ತೆ ಬಸ್ಸು ಹತ್ತುತ್ತದೆ, ಒಳಪದರ ತಿಂಗಳಿಗೊಮ್ಮೆ ಉದುರುತ್ತದೆ. ನಿಲ್ಲಿಸಿದ ಮೇಲೆ ಬಸಿರಿಗೆ ಅಡ್ಡಿ ಇಲ್ಲ. ಒಂದು ಕಾಯಿಲೆಗೆ ಕೊಟ್ಟ ಔಷಧಿಯನ್ನು ಅದರ ಇನ್ನೊಂದು ಉಪಯೋಗದ ಹೆಸರಿನಿಂದ ಅಳೆದು ಮಗಳ ಮೇಲೆ ಸಂಶಯದ ನೆರಳು ಬೀಳಿಸುವುದು ಸರಿಯಲ್ಲ. ಬಿಪಿ ಹೆಚ್ಚಿರುವವರು, ಕಣ್ಣು ಮಂಜಾಗಿ ಬರುವ ಮೈಗ್ರೇನ್ ತಲೆನೋವಿನವರು, ರಕ್ತ ಹೆಪ್ಪುಗಟ್ಟಿದ ಇತಿಹಾಸದವರು ಅದನ್ನು ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಡಾಕ್ಟರ್ ಚೀಟಿ ಇಲ್ಲದೆ ಬೇಡ. ಈಗಾಗಲೇ ಬೆಳೆದ ಗದ್ದದ ಕೂದಲು ತಕ್ಷಣ ಹೋಗುವುದಿಲ್ಲ, ಆರು ತಿಂಗಳಾದರೂ ತಾಳ್ಮೆ ಬೇಕು.

ಮದುವೆ ಮಾತುಕತೆಯ ಸಮಯದಲ್ಲಿ ಇದನ್ನೆಲ್ಲ ಮುಚ್ಚಿಡುವುದು ರೂಢಿ. ಚೀಟಿ ಹರಿದು, ಮಾತ್ರೆ ನಿಲ್ಲಿಸಿ, ನಿಕಾಹ್ ಆಗಲಿ ಆಮೇಲೆ ನೋಡೋಣ ಎನ್ನುತ್ತಾರೆ. ಒಂದು ವರ್ಷದಲ್ಲಿ ಬಸಿರಾಗದಿದ್ದರೆ ಅತ್ತೆಯ ಮನೆಯಲ್ಲಿ ದೋಷ ಪೂರ್ತಿ ಅವಳ ತಲೆಗೆ. ಪಿಸಿಓಎಸ್ ಇರುವವರಲ್ಲಿ ಹೆಚ್ಚಿನವರು ತಾಯಂದಿರಾಗುತ್ತಾರೆ, ಕೆಲವರಿಗೆ ಅಂಡ ಬಿಡುಗಡೆಗೆ ಮಾತ್ರೆಯ ನೆರವು ಬೇಕಾಗುತ್ತದೆ ಅಷ್ಟೇ. ಮತ್ತು ಆಗ ಗಂಡನ ವೀರ್ಯ ಪರೀಕ್ಷೆಯೂ ಅದೇ ವಾರ ಆಗಬೇಕು. ಹೆಂಡತಿಯನ್ನು ಎರಡು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ, ದರ್ಗಾದಿಂದ ದರ್ಗಾಕ್ಕೆ ಅಲೆಸಿ ತಾನು ಒಂದು ದಿನವೂ ಲ್ಯಾಬಿನ ಮೆಟ್ಟಿಲು ಹತ್ತದ ಗಂಡಸರ ಬಗ್ಗೆ ಈ ಪುಟದಲ್ಲಿ ಬರೆಯಲಾಗದಷ್ಟು ಹೇಳುವುದಿದೆ.

ಎಲ್ಲಿಗೆ ಹೋಗುವುದು ಎಂದರೆ, ಮೈಸೂರೇ ಆಗಬೇಕೆಂದಿಲ್ಲ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ, ಗುಂಡ್ಲುಪೇಟೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಲಿ. ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಯಡಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಟೆಸ್ಟೋಸ್ಟೆರಾನ್, ಎಸ್‌ಎಚ್‌ಬಿಜಿಗೆ ರಕ್ತ ಕೊಡುವುದಾದರೆ ಬೆಳಿಗ್ಗೆ ಕೊಡಿ, ಮುಟ್ಟು ಬರುವವರು ಅದರ ಎರಡರಿಂದ ಐದನೇ ದಿನದೊಳಗೆ ಕೊಟ್ಟರೆ ಉತ್ತಮ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮೂರು ತಿಂಗಳು ಬಿಟ್ಟಿರಬೇಕು. ಅದನ್ನೂ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ. ಮುಟ್ಟಿನ ನೋಟ್‌ಬುಕ್ಕನ್ನೂ ಹಳೆಯ ರಿಪೋರ್ಟುಗಳನ್ನೂ ಜೊತೆಗೆ ಒಯ್ಯಿರಿ. ಈ ತೊಂದರೆ ಕುಟುಂಬಗಳಲ್ಲಿ ಹರಿದು ಬರುವಂಥದ್ದು. ಹಾಗಾಗಿ ಮಗಳ ಜೊತೆ ಬಂದ ತಾಯಿಯೂ ಅದೇ ಬೆಂಚಿನಲ್ಲಿ ಕೂತು, ತೋಳು ಚಾಚಿ, ತನ್ನ ಸಕ್ಕರೆಯನ್ನೂ ಒಮ್ಮೆ ನೋಡಿಸಿಕೊಳ್ಳಲಿ. ಅವಳ ಕುತ್ತಿಗೆಯನ್ನು ಇಷ್ಟು ವರ್ಷ ಯಾರೂ ನೋಡಿರುವುದಿಲ್ಲ.